ಅಂಗೈಯಡಿಯ ಉತ್ತರಗಳು

"ಕೈ ತೆಗೀರಿ! ನಿಮಗೇನ್ರೀ ಅಧಿಕಾರ?"

ಕೋಚಿಂಗ್ ಕ್ಲಾಸಿಗೆ ಕ್ಲಾಸೇ ತಿರುಗಿ ನೋಡಿತು. ನರ್ಸಮ್ಮನ ಅಭ್ಯಾಸ ಪತ್ರಿಕೆಯ ಮೇಲೆ, ಬಿಟ್ಟ ಸ್ಥಳ ತುಂಬುವ ಪ್ರಶ್ನೆಯ ಆಯ್ಕೆಗಳನ್ನೆಲ್ಲ ಮುಚ್ಚಿ ಪಕ್ಕದಲ್ಲಿ ಕೂತಿದ್ದವನ ಅಂಗೈ ಇತ್ತು. ಅವಳದೇ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್, ಮುಖಪರಿಚಯ ಅಷ್ಟೇ.

"ಮೊದಲು ವಾಕ್ಯ ಪೂರ್ತಿ ಓದಿ. ನಿಮ್ಮದೇ ಒಂದು ಪದ ಹಾಕಿ. ಆಮೇಲೆ ಆಯ್ಕೆ ನೋಡಿ," ಎಂದ ಮೆಲ್ಲಗೆ.

ಎಲಾ ಇವನ! ಆಸ್ಪತ್ರೆ ಆಡಳಿತದ ಕೋರ್ಸಿನಲ್ಲಿ ನಮ್ಮ ಸಿಬ್ಬಂದಿಗಿರುವುದು ಒಂದೇ ಸೀಟು... ಇವನೂ ಅದಕ್ಕೇ ಪ್ರವೇಶ ಪರೀಕ್ಷೆ ಬರೆಯುತ್ತಿದ್ದಾನೆ. ಅಡ್ಡಗಾಲು ಹಾಕೋಕೆ ನೋಡ್ತಾನಾ?

"ಡಿಕ್ಷನರಿಗೇ ಪಾಠ ಹೇಳ್ತೀರಾ?" ಎಂದವಳೇ ಎದ್ದು ನಡೆದಳು.

'ಡಿಕ್ಷನರಿ' ಎಂಬ ಅಡ್ಡಹೆಸರು ಅವಳಿಗೆ ಸುಮ್ಮನೆ ಬಂದಿರಲಿಲ್ಲ. ಪದಕೋಶವೇ ಬಾಯಿಪಾಠ! ಆದರೂ ಹೋದ ವರ್ಷ ಫೇಲು. "ಇದೊಂದು ಸಲ ನೋಡೋಣ ಪುಟ್ಟಿ, ಆಮೇಲೆ ಸಾಕು," ಎಂದುಬಿಟ್ಟಿದ್ದ ಅಣ್ಣ.

ಮನೆಯಲ್ಲಿ ಅದೇ ಪ್ರಶ್ನೆ ತೆರೆದಳು. 'ಅವರು ಯಾವಾಗಲೂ ಮಿತಭಾಷಿ. ಆದರೆ ಅಂದು ______ ಮಾತಾಡಿದರು.' ಅವಳು ಗುರುತು ಹಾಕಿದ್ದದ್ದು 'ಮಾರ್ಮಿಕವಾಗಿ'. ಎಷ್ಟು ಘನವಾದ ಪದ!

ಒಲ್ಲದ ಮನಸ್ಸಿನಿಂದ ಆಯ್ಕೆಗಳನ್ನು ತಾನೇ ಮುಚ್ಚಿದಳು. ಮಿತಭಾಷಿ... ಆದರೆ... ಅಂದರೆ ಮಾತು ತಿರುಗಿತು. ಅಂದು ಅವರು ತುಂಬಾ ಮಾತಾಡಿರಬೇಕು! ಕೈ ತೆಗೆದರೆ 'ಧಾರಾಳವಾಗಿ' ಅಲ್ಲೇ ಇತ್ತು.

ಅಯ್ಯೋ! ದೊಡ್ಡ ಪದ ಕಂಡಲ್ಲೆಲ್ಲ ತಾನು ಮುಗ್ಗರಿಸಿದ್ದಳು. ಅವನು ಒಳ್ಳೆಯದನ್ನೇ ಹೇಳಿದ್ದ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಮರುದಿನ ಅವಳೇ ಅವನ ಪಕ್ಕ ಹೋಗಿ ಕೂತಳು. ಕ್ಷಮೆ ಕೇಳಲಿಲ್ಲ, ಪತ್ರಿಕೆಯನ್ನು ಅವನತ್ತ ಸರಿಸಿದಳು. ಪರೀಕ್ಷೆಯವರೆಗೂ ಇಬ್ಬರೂ ಜಗಳವಾಡುತ್ತಲೇ ಓದಿದರು.

ಫಲಿತಾಂಶ ಬಂದ ದಿನ ಅವಳು ಲ್ಯಾಬಿಗೆ ಓಡಿದಳು.

"ಸೀಟು ನನಗೇ! ನೀವು... ಎರಡನೇ ಸ್ಥಾನ."

ಅವನ ಮುಖ ಅರಳಿತು. "ನನಗೆ ಗೊತ್ತಿತ್ತು!"

"ಬೇಜಾರಿಲ್ವಾ? ಯಾಕ್ರೀ ಹೇಳಿಕೊಟ್ರಿ ನನಗೆ?"

"ಅಷ್ಟೆಲ್ಲ ಗೊತ್ತಿರೋರು ಆತುರಕ್ಕೆ ಸೋಲೋದನ್ನ ನೋಡೋಕಾಗಲಿಲ್ಲ." ಅವನ ದನಿ ತಗ್ಗಿತು. "ನಿಮ್ಮನ್ನ ನೋಡಿದ್ರೆ ಹೆಮ್ಮೆ ಆಗುತ್ತೆ... ನನ್ನೋರು ಅನ್ನೋ ಹಾಗೆ."

ಅವಳ ಕಣ್ಣು ತುಂಬಿತು. ತಲೆ ಮಾತ್ರ ತಗ್ಗಲಿಲ್ಲ.

"ನನಗೆ ಬೇಕಾದ್ದನ್ನ ನಾನು ಬಾಯಿಬಿಟ್ಟು ಕೇಳೋಳು. ನನ್ನ ಮದುವೆ ಆಗ್ತೀರಾ?"

ಅವನು ತಬ್ಬಿಬ್ಬಾದ. "ಯೋಚನೆ ಮಾಡೋಕೆ ಟೈಮ್ ಕೊಡಲ್ವಾ?"

"ಇಲ್ಲ! ಅಣ್ಣ ಕೆಳಗೆ ಕಾಯ್ತಿದ್ದಾನೆ."

ಅವನು ಗ್ಲೌಸ್ ಕಳಚಿ ಅವಳ ಕೈ ಹಿಡಿದ.

"ಮತ್ತೆ ಇನ್ನೂ ನಿಂತೇ ಇದ್ದೀರಲ್ಲ, ನಡೀರಿ. ಭಾವನವರನ್ನ ಕಾಯಿಸಬಾರದು!"