ಸಿಂಗಿಯ ಮೊಳದ ಮನೆ

ಏಳು ಗುಡ್ಡದ ಆಚೆ, ಕಲ್ಲಿಗೂ ಬಾಯಿ ಇದ್ದ ಕಾಲದಲ್ಲಿ, ಕುಂದಣಗಿರಿ ಅಂತ ಒಂದು ರಾಜ್ಯ ಇತ್ತು. ಅಲ್ಲಿಯ ಹೆಂಗಸರಲ್ಲಿ ಹೆಚ್ಚಿನವರು ಅರಮನೆಗೆ ಸೀರೆ ನೇಯುವವರು. ಕೂಸುಗಳನ್ನು ಬಿಡೋದೆಲ್ಲಿ? ಸೊಂಟಕ್ಕೆ ಹಗ್ಗ ಹಾಕಿ ಮಗ್ಗದ ಕಾಲಿಗೆ ಕಟ್ಟುತ್ತಿದ್ದರು. ಬಡಗಿ ಕೆಲಸದ ಮೋನವ್ವನೂ ಮಗಳು ಸಿಂಗಿಯನ್ನು ಹಾಗೇ ಕಂಬಕ್ಕೆ ಕಟ್ಟುತ್ತಿದ್ದಳು. ಒಂದು ದಿನ ನೋಡುತ್ತಾಳೆ, ಹಗ್ಗ ಉಜ್ಜಿ ಕೂಸಿನ ಸೊಂಟದಲ್ಲಿ ಬರೆ ಎದ್ದಿದೆ. ಬಾಚಿಯನ್ನು ಹೆಗಲಿಗೇರಿಸಿಕೊಂಡು ಸೀದಾ ಅರಮನೆಗೆ ನಡೆದಳು.

"ಮಾಸ್ವಾಮಿ, ಯುದ್ಧ ನಿಂತು ಮೂವತ್ತು ವರ್ಷ ಆಯ್ತು. ಹಳೇ ಆಯುಧಶಾಲೆಯನ್ನು ಬಾವಲಿಗಳಿಗೆ ಬಿಟ್ಟಿದ್ದೀರಿ. ನಮ್ಮ ಕೂಸುಗಳಿಗೆ ಕೊಡಿ. ಆಡೋ ಮನೆ ಮಾಡ್ತೀನಿ."

ರಾಜ ಸೀನಬೇಕಾದರೂ ಮಾಂತ್ರಿಕ ಧೂಮಕೇಶಿಯ ಮುಖ ನೋಡುವವನು. ಈಗಲೂ ನೋಡಿದ.

ಧೂಮಕೇಶಿ ಗಹಗಹಿಸಿದ. "ಕತ್ತಿ ಮಲಗಿದ ಜಾಗದಲ್ಲಿ ತೊಟ್ಟಿಲು ತೂಗ್ತೀಯೇನೆ? ಆ ಕಲ್ಲೆಲ್ಲ ನನ್ನ ಮಾತು ಕೇಳ್ತವೆ. ಮೂರು ದಿನ ಕೊಟ್ಟೆ. ಮೂರನೇ ದಿನ ಹೊತ್ತು ಮುಳುಗುವಾಗ ಒಳಗೆ ಒಂದು ಕೂಸಾದರೂ ನಗ್ತಿದ್ದರೆ ಮನೆ ನಿಂದು. ಇಲ್ಲದಿದ್ದರೆ ನಿನ್ನ ಬಲಗೈ ಕಲ್ಲಾಗ್ತದೆ."

"ಬಲಗೈ ಹೋದರೆ ಎಡಗೈಲಿ ಕೆತ್ತೇನು. ಮೊದಲು ಬೀಗದ ಕೈ ಕೊಡು."

ರಾಜನಿಗೆ ನಗು ಬಂತು. ಮಾಂತ್ರಿಕನ ಮುಖ ನೋಡಿ ಕೆಮ್ಮಿಬಿಟ್ಟ.

ಮೋನವ್ವ ಅಳತೆಯ ಗಜಗೋಲನ್ನು ಮೂಲೆಗೆಸೆದಳು. ಸಿಂಗಿಯ ಮೊಳಕೈಯಿಂದ ಬೆರಳ ತುದಿವರೆಗೆ ಒಂದು ಕಡ್ಡಿ ಹಿಡಿದು ಮುರಿದಳು. "ಇನ್ನು ಮೇಲೆ ಇದೇ ನನ್ನ ಮೊಳ," ಅಂದಳು. ಆನೆ ನುಗ್ಗುವಂಥ ಹೆಬ್ಬಾಗಿಲನ್ನು ಮೊಳೆ ಹೊಡೆದು ಮುಚ್ಚಿ, ಅದರಲ್ಲೇ ನಾಲ್ಕು ಮೊಳದ ಪುಟ್ಟ ದಿಡ್ಡಿ ಬಾಗಿಲು ಕೊರೆದಳು. ಕೂಸುಗಳು ತಲೆಯೆತ್ತಿ ಓಡಿದವು. ತಾಯಂದಿರು ಮಂಡಿಯೂರಿ ನುಸುಳಿದರು.

ಮೊದಲನೇ ದಿನ ಮಾಂತ್ರಿಕ ಮಂತ್ರ ಹಾಕಿದ. ಗೋಡೆಗಳು ಊದಿದವು, ಒಳಗೊಳಗೆ ಬಂದವು. "ಕಿಟಕಿಗೆ ಜಾಗ ಕೊಡೋದಿಲ್ಲ," ಅಂದವು.

"ಊದು ಮಾರಾಯ, ಊದು! ದಪ್ಪ ಆದಷ್ಟೂ ನನಗೇ ಒಳ್ಳೇದು," ಅಂತ ಮೋನವ್ವ ಆ ದಪ್ಪದಲ್ಲೇ ಗೂಡು ಕೊರೆದಳು. ಒಂದರಲ್ಲಿ ಒಂದು ಕೂಸು ಮುದುರಿಕೊಳ್ಳುವಷ್ಟು, ಇನ್ನೊಂದರಲ್ಲಿ ಎರಡು ಕೂಸು ಗುಟ್ಟು ಹೇಳಿಕೊಳ್ಳುವಷ್ಟು. ಒಳಗೆಲ್ಲ ಕೌದಿ ಹಾಸಿದಳು. ಕೊರೆಯುತ್ತಾ ಕೊರೆಯುತ್ತಾ ಆಚೆ ಬದಿಯ ಬಿಸಿಲು ಒಳಗೆ ಬಂತು. ಗೋಡೆ "ಅಯ್ಯಯ್ಯೋ, ಕಚಗುಳಿ!" ಅಂದು ಊದುವುದನ್ನೇ ಬಿಟ್ಟಿತು.

ಎರಡನೇ ದಿನ ಮಾಂತ್ರಿಕ ಮಂತ್ರ ಹಾಕಿದ. ಕಂಬದ ಮೇಲಿನ ಕಲ್ಲುಸಿಂಹಗಳು ಬಾಯಿ ತೆರೆದು ಗರ್ಜಿಸಿದವು. ಕೂಸುಗಳು ತಾಯಂದಿರ ಸೆರಗಿಗೆ ನುಗ್ಗಿದವು.

"ಬರೀ ಅಷ್ಟೇನಾ? ನನ್ನ ಮಗಳು ಸ್ನಾನಕ್ಕೆ ಕರೆದರೆ ಇದಕ್ಕಿಂತ ಜೋರಾಗಿ ಕಿರಿಚ್ತಾಳೆ!" ಅಂದಳು ಮೋನವ್ವ. "ಏ ಹೆಣ್ಣುಗಳಿರಾ, ಮಗ್ಗದಿಂದ ಬಿಚ್ಚಿ ತನ್ನಿರೇ ಆ ಸೊಂಟದ ಹಗ್ಗಗಳನ್ನ!" ಹಗ್ಗವನ್ನೆಲ್ಲ ಹೊಸೆದು ಸಿಂಹದ ಕೊರಳಿಂದ ಕೊರಳಿಗೆ ಜೋಕಾಲಿ ಕಟ್ಟಿದಳು. ಸಿಂಗಿ ಹತ್ತಿ ಕೂತು "ಅವ್ವಾ, ನೂಕು" ಅಂದಳು.

"ನನ್ನ ಕೊರಳಿಗೆ ಇದುವರೆಗೂ ಯಾರೂ ಜೋತುಬಿದ್ದಿರಲಿಲ್ಲ," ಅಂತ ಸಿಂಹ ಕಣ್ಣು ಮುಚ್ಚಿ, ಬೆಕ್ಕಿನ ಹಾಗೆ ಗುರುಗುಟ್ಟಿತು.

ಮೂರನೇ ದಿನ ಮಾಂತ್ರಿಕ ಹಲ್ಲು ಕಡಿದು ಮಂತ್ರ ಹಾಕಿದ. ನೆಲವೇ ಎದ್ದು ಗುಡ್ಡದ ಹಾಗೆ ವಾಲಿತು. ಕೂಸುಗಳೆಲ್ಲ ದಡದಡ ಉರುಳಿ ಕೆಳಗೆ ರಾಶಿ ಬಿದ್ದವು, ಒಂದಕ್ಕೊಂದು ತಾಗಿ ಅಳತೊಡಗಿದವು. ಹೊತ್ತು ಪಡುವಣಕ್ಕೆ ಇಳಿದಿತ್ತು. ಮೋನವ್ವನ ಬಲಗೈ ಬೆರಳುಗಳು ಕಲ್ಲಿನ ಹಾಗೆ ತಣ್ಣಗಾದವು. ಕಿರುಬೆರಳು ಮಡಚಲೇ ಇಲ್ಲ.

"ಮೋನಕ್ಕಾ, ಸಾಕು, ಕೈ ಉಳಿಸ್ಕೋ," ಅಂದರು ನೇಕಾರ ಹೆಂಗಸರು.

"ಕೈ ಇರೋದು ಉಳಿಸ್ಕೊಳ್ಳೋಕಲ್ಲ ಕಣ್ರೇ, ಕೆಲಸ ಮಾಡೋಕೆ! ಹರಳೆಣ್ಣೆ ತನ್ನಿ!"

ವಾಲಿದ ನೆಲಕ್ಕೆ ಎಣ್ಣೆ ಬಳಿದು ನುಣ್ಣಗೆ ಉಜ್ಜಿದಳು. ಪಕ್ಕದಲ್ಲಿ ಹತ್ತಲಿಕ್ಕೆ ಪುಟ್ಟ ಪುಟ್ಟ ಮೆಟ್ಟಿಲು ಕಡಿದಳು. ಬುಡದಲ್ಲಿ ಹತ್ತಿಯ ರಾಶಿ ಸುರಿದಳು. ಸಿಂಗಿ ಮೇಲೆ ಹತ್ತಿ ಕೂತಳು. ಜರ್ರನೆ ಜಾರಿದಳು. ಹತ್ತಿಯಲ್ಲಿ ಮುಳುಗಿ, ಮೂಗಿಗೆ ಹತ್ತಿ ಮೆತ್ತಿಕೊಂಡು ಎದ್ದು, ಕಿಲಕಿಲ ನಕ್ಕಳು. ಸೂರ್ಯ ಇನ್ನೂ ಒಂದು ಗೇಣು ಮೇಲಿದ್ದ.

ನಗು ಕೇಳಿ ಧೂಮಕೇಶಿ ಹೊತ್ತು ಮುಳುಗುವ ಮೊದಲೇ ಎಲ್ಲರನ್ನೂ ಹೆದರಿಸಿಬಿಡಬೇಕೆಂದು ಓಡಿಬಂದ. ದಿಡ್ಡಿ ಬಾಗಿಲಲ್ಲಿ ಅವನ ಹೆಗಲು ಸಿಕ್ಕಿಕೊಂಡಿತು.

"ಬಗ್ಗಿ ಬಾ ಮಾಂತ್ರಿಕಾ," ಅಂದಳು ಮೋನವ್ವ. "ರಾಣಿಯೇ ಬಂದರೂ ಇಲ್ಲಿ ಬಗ್ಗಬೇಕು."

"ನಾನು ಬಗ್ಗೋದಾ? ಈ ಕೂಸುಗಳ ಮುಂದೆ?" ಅವನು ಹಿಂದೆ ಸರಿದು ಮಂತ್ರ ಹಾಕಿಕೊಂಡು ಸಿಂಗಿಯಷ್ಟೇ ಆದ. ತಲೆಯೆತ್ತಿಕೊಂಡೇ ಒಳಗೆ ಬಂದ. ಗಡ್ಡ ಹೋಗಿತ್ತು. ಹಾಲುಹಲ್ಲು ಬಂದಿತ್ತು.

ಕೂಸುಗಳಿಗೆ ಇನ್ನೊಂದು ಕೂಸು ಬಂತು ಅಷ್ಟೇ. "ಏ, ಸಾಲಿನಲ್ಲಿ ನಿಂತ್ಕೋ," ಅಂತ ಸಿಂಗಿ ಅವನ ಕೈ ಹಿಡಿದು ಮೆಟ್ಟಿಲ ಮೇಲಕ್ಕೆ ಎಳೆದಳು. ಹಿಂದಿದ್ದವನು ನೂಕಿದ. ಮಾಂತ್ರಿಕ ಜರ್ರನೆ ಜಾರಿ ಹತ್ತಿಯಲ್ಲಿ ಬಿದ್ದ. ತಡೆದ, ತಡೆದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. ನಕ್ಕ ಬಾಯಿಂದ ಅವನ ಮಂತ್ರಗಳೆಲ್ಲ ಬಾವಲಿಗಳಾಗಿ ಹಾರಿಹೋದವು. ಆಗ ಸೂರ್ಯ ಮುಳುಗಿದ. ಮೋನವ್ವನ ಬೆರಳಿಗೆ ಬಿಸಿ ಬಂತು.

ಸುದ್ದಿ ಕೇಳಿ ಮಂಡಿಯೂರಿ ಬಂದ ರಾಜ ಸುತ್ತ ನೋಡಿದ. "ನಾನೆಲ್ಲಿ ಕೂರಲವ್ವಾ?"

"ನೆಲದ ಮೇಲೆ, ಮಾಸ್ವಾಮಿ. ಇದು ನಿಮ್ಮ ಮೊಳದ ಮನೆ ಅಲ್ಲ."

ರಾಜ ಯಾರ ಮುಖವನ್ನೂ ನೋಡದೆ ನೆಲದ ಮೇಲೆ ಕೂತ.

ಅಲ್ಲಿಂದಾಚೆ ಕುಂದಣಗಿರಿಯಲ್ಲಿ ಯಾವ ಕೂಸಿನ ಸೊಂಟಕ್ಕೂ ಹಗ್ಗ ಬೀಳಲಿಲ್ಲ, ಎಲ್ಲರೂ ಉಂಡುಟ್ಟು ತಣ್ಣಗಿದ್ದರು. ಮಂತ್ರ ಮರೆತ ಧೂಮಕೇಶಿಯನ್ನು ನೇಕಾರ ಹೆಂಗಸೊಬ್ಬಳು ಸಾಕಿಕೊಂಡಳು. ಎಲ್ಲ ಮಕ್ಕಳ ಹಾಗೇ ಅವನೂ ವರ್ಷಕ್ಕೊಂದು ವರ್ಷ ದೊಡ್ಡವನಾದ.