ಹದಿನೆಂಟು ಸೀಸೆ ಉಸಿರು

"ಡಬ್ಬಿ ಕೆಳಗಿಡು, ವುಕಾಶಿನ್!"

ಪಿಸ್ತೂಲಿನ ಬಾಯಿ ನನ್ನ ಕುತ್ತಿಗೆಗೆ ಒತ್ತಿತ್ತು. ಕಾಲಡಿಯ ಹಿಮಕ್ಕಿಂತ ತಣ್ಣಗೆ!

ಸರ್ಬಿಯಾದ ನಿಶ್ ಊರಿನ ಆಸ್ಪತ್ರೆಯ ಹಿಂಬಾಗಿಲು ಹತ್ತೇ ಹೆಜ್ಜೆ.

ಒಳಗೆ ನನ್ನ ತಂಗಿ ದೆಸಾಂಕಾ. ನಾಲ್ಕು ದಿನದಿಂದ ಯಂತ್ರವೇ ಅವಳ ಉಸಿರು. ಡಾಕ್ಟರ್ ಮಿಲುಂಕಾ ನನಗೆ ಬಿಡಿಸಿ ಹೇಳಿದ್ದಳು. ಶ್ವಾಸಕೋಶದ ಪುಟ್ಟ ಗುಳ್ಳೆಗಳ ಒಳಗೆ ತೆಳುವಾದ ಲೇಪವೊಂದು ಇರುತ್ತದಂತೆ. ಸರ್ಫ್ಯಾಕ್ಟಂಟ್. ವೈರಸ್ ಅದನ್ನು ಹಾಳುಮಾಡಿತ್ತು. ಗುಳ್ಳೆಗಳು ಒದ್ದೆ ಪ್ಲಾಸ್ಟಿಕ್ ಚೀಲದ ಹಾಗೆ ಅಂಟಿಕೊಂಡಿದ್ದವು. ಹಂದಿಯ ಶ್ವಾಸಕೋಶದಿಂದ ತೆಗೆದ ಲೇಪ ಸಿಕ್ಕರೆ ಕೊನೆಯದೊಂದು ಪ್ರಯತ್ನ...

ಎಳೆಗೂಸುಗಳಿಗೆ ಕೊಡುವ ಮದ್ದು ಅದು. ಇಟಲಿಯಿಂದ ಹದಿನೆಂಟು ಸೀಸೆ ತಂದಿದ್ದೆ. ಮುಚ್ಚಿದ ಗಡಿ ದಾಟುವುದೇ ನನ್ನ ಕಸುಬು!

"ನಮ್ಮಪ್ಪ ಸಾಯ್ತಿದಾನೆ ಕಣಯ್ಯಾ!" ಹಿಂದಿನಿಂದ ನಮ್ಮ ಬೀದಿಯ ಹುಡುಗ ಝಿವೊಯಿನ್ ಬಿಕ್ಕಿದ. ಅವನಪ್ಪನೂ ಅದೇ ವಾರ್ಡಿನಲ್ಲಿದ್ದ.

"ಅಳೋನು ಪಿಸ್ತೂಲು ಹಿಡೀಬಾರದು, ಮರಿ."

ಮೊಣಕೈ ಬೀಸಿದೆ. ನೇರ ಹೊಟ್ಟೆಗೆ! ಗುಂಡು ಗೋಡೆಗೆ ಬಡಿಯಿತು. ಓಡಿದೆ... ಮೂರು ಮಹಡಿ! ಹಿಂದೆ ಅವನ ಬೂಟಿನ ಸದ್ದು!

ಡಾಕ್ಟರ್ ಕೋಣೆಗೆ ನುಗ್ಗಿ ಚಿಲಕ ಹಾಕಿದೆ. ಮಿಲುಂಕಾ ಡಬ್ಬಿ ತೆರೆದು ಒಂದು ಸೀಸೆಯನ್ನು ಬೆಳಕಿಗೆ ಹಿಡಿದಳು. ಒಳಗೆ ಮಂಜುಗಡ್ಡೆ.

"ರಾತ್ರಿ ಎಲ್ಲಿಟ್ಟಿದ್ರಿ?"

"ತಣ್ಣಗಿಡಿ ಅಂದಿದ್ರಲ್ಲ... ಬಾಲ್ಕನಿಯಲ್ಲಿ. ಎಲೆಕೋಸಿನ ಸಾರ್ಮಾ ಪಾತ್ರೆ ಪಕ್ಕ."

ಚಳಿಗಾಲದಲ್ಲಿ ನಮ್ಮೂರಲ್ಲಿ ಫ್ರಿಜ್ ಯಾರು ತೆರೀತಾರೆ, ಹೇಳಿ?

"ಮೈನಸ್ ಹನ್ನೊಂದಿತ್ತು, ಮಾಮ. ಹೆಪ್ಪುಗಟ್ಟಿದ ಮೇಲೆ ಇದು ಕೆಲಸಕ್ಕೆ ಬರಲ್ಲ."

ಬೈಯಲಿಲ್ಲ. ನನ್ನ ಕೈಗೆ ತನ್ನ ಬಿಸಿ ಕಾಫಿ ಕೊಟ್ಟಳು. ಅವಳಿನ್ನೂ ಒಂದು ಗುಟುಕೂ ಕುಡಿದಿರಲಿಲ್ಲ.

ಧಡಾರ್! ಚಿಲಕ ಕಿತ್ತು ಬಂತು. ಬಾಗಿಲಲ್ಲಿ ಝಿವೊಯಿನ್.

"ಕೊಡೋ ಡಬ್ಬಿ!"

"ತಗೋ, ಎಲ್ಲಾ ನಿಂದೇ. ಬರೀ ಐಸು!"

ಅವನು ಡಾಕ್ಟರ್ ಮುಖ ನೋಡಿದ. ಪಿಸ್ತೂಲು ತಾನಾಗಿ ಕೆಳಗಿಳಿಯಿತು.

"ಬೇರೆ ಸಿಗಲ್ವಾ, ಡಾಕ್ಟರ್?"

"ಸಿಗಬಹುದು... ಒಳಗಿರೋ ಇಬ್ಬರಿಗೂ ಅಷ್ಟು ಹೊತ್ತಿಲ್ಲ." ಅವಳು ಎರಡು ಗೌನು ಚಾಚಿದಳು. "ಯಾರನ್ನೂ ಒಳಗೆ ಬಿಡಬಾರದು ಅಂತ ರೂಲ್ಸು. ಅರ್ಧ ಗಂಟೆ ನಾನು ಆ ಕಡೆ ನೋಡ್ತಿರ್ತೀನಿ. ಹೋಗಿ, ಕೈ ಹಿಡ್ಕೊಂಡು ಕೂತ್ಕೊಳ್ಳಿ."

ಗೌನಿನ ಲಾಡಿ ಬೆನ್ನ ಹಿಂದೆ. ಝಿವೊಯಿನ್‌ನ ಬೆರಳಿಗೆ ಸಿಗಲೇ ಇಲ್ಲ. ಅವನನ್ನು ತಿರುಗಿಸಿ ನಿಲ್ಲಿಸಿದೆ.

"ಗಟ್ಟಿಯಾಗಿ ಕಟ್ಟೋ, ಮುದುಕ."

ಸಡಿಲವಾಗಿಯೇ ಕಟ್ಟಿದೆ. ಒಳಗೆ ನಮ್ಮಿಬ್ಬರಿಗೂ ಹೆಚ್ಚು ಹೊತ್ತಿನ ಕೆಲಸ ಇರಲಿಲ್ಲ!