ಮುಚ್ಚಳದ ಒಳಗಿನ ಗೀರು

"ಈ ವಾಚಿನ ಮಷೀನನ್ನ ಇದರ ಮುಚ್ಚಳದಿಂದ ಬೇರೆ ಮಾಡ್ಬೇಡಿ. ಮಾಡಿದವರ ಎದೆಬಡಿತ ಇದಕ್ಕೆ ಅಂಟಿಕೊಳ್ಳತ್ತೆ. ಇದು ನಿಂತರೆ ಅವರೂ ನಿಂತ ಹಾಗೇ" ಎಂದಳು ಗಾಜಿನಮ್ಮ. ಒಂದು ಕಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡಿರುವ ಈ ವಾಚು ರಿಪೇರಿಯವಳಿಗೆ ಬೀದಿಯವರು ಇಟ್ಟ ಹೆಸರು ಅದು.

ಎದುರಿಗೆ ಕೂತಿದ್ದ ಗಿರಾಕಿಗೆ ಹಳೆಯ ಕೈಗಡಿಯಾರ ಕೂಡಿಡುವ ಹುಚ್ಚು. ಅವನು ನಕ್ಕ. "ಅಮ್ಮಾ, ನಾನು ಮುನ್ನೂರು ವಾಚು ಬಿಚ್ಚಿದವನು. ನಾಲ್ಕು ಹಲ್ಲಿನ ಚಕ್ರ, ಒಂದು ಸ್ಪ್ರಿಂಗು, ಎರಡು ಹನಿ ಎಣ್ಣೆ. ದೆವ್ವ ಕೂರೋದಕ್ಕೆ ಅದರಲ್ಲಿ ಜಾಗ ಎಲ್ಲಿದೆ?"

ಗಾಜಿನಮ್ಮ ಮುಚ್ಚಳವನ್ನು ದೀಪಕ್ಕೆ ಹಿಡಿದಳು. ಸರ್ವಿಸ್ ಮಾಡಿದವರು ಮುಚ್ಚಳದ ಒಳಮೈಯಲ್ಲಿ ತಮ್ಮ ಗುರುತು, ತಾರೀಕು ಗೀಚಿಡುವುದು ಆ ಕಸುಬಿನ ರೂಢಿ. ಇಲ್ಲಿ ತಾರೀಕಿನ ಪಕ್ಕ ಕೂದಲೆಳೆಯಂಥ ಗೀರುಗಳ ಒಂದು ಮಂಡಲವಿತ್ತು. ನಡುವೆ ಒಣಗಿ ಕಪ್ಪಾದ ಚುಕ್ಕೆ.

"ನಮ್ಮಪ್ಪನ ರಕ್ತ ಅದು. ನಿಮ್ಮಂಥ ಶೋಕಿಯವನೊಬ್ಬ ಯಾರದ್ದೋ ವಾಚಿನ ಒಳಗಿನದನ್ನ ಬದಲಾಯಿಸಿ, ಅಪವಾದ ಅಪ್ಪನ ತಲೆಗೆ ಕಟ್ಟಿದ. ಜನ ಸೇರಿ ಅಪ್ಪನ ಬೆರಳು ಮುರಿದ್ರು. ಆ ಮುರಿದ ಬೆರಳಲ್ಲೇ, ಕೈಗೆ ಬಂದ ಪ್ರತಿ ವಾಚಿಗೂ ಅಪ್ಪ ಹೀಗೆ ಮಾಟ ಹಾಕಿಟ್ಟ. ಮಷೀನು ಬದಲಾಯಿಸೋ ಕೆಲಸ ನಾನು ಮಾಡಲ್ಲ, ತಗೊಂಡು ಹೋಗಿ."

ವಾಚು ಈ ಗಿರಾಕಿಯದೇ ಆಗಿದ್ದರೆ ಮಾತು ಬೇರೆ. ಅದು ಸತ್ತ ಅಣ್ಣನದು. ತಾಯಿ ಹೋದ ಮೇಲೆ ಅವನಿಗೆ ತುತ್ತಿಟ್ಟು, ಓದಿಸಿ, ಆಳೆತ್ತರ ಬೆಳೆಸಿದ ಅತ್ತಿಗೆ, "ಯಾಕೋ ನಿಧಾನ ಆಗಿದೆ ಪುಟ್ಟ, ಎಣ್ಣೆ ಹಾಕಿಸ್ಕೊಂಡು ಬಾ" ಎಂದು ನಂಬಿ ಕೊಟ್ಟಿದ್ದಳು. ಅಣ್ಣ ದಿನಾ ಬೆಳಿಗ್ಗೆ ಏಳಕ್ಕೆ ಇಪ್ಪತ್ತೈದು ಸುತ್ತು ಕೀ ಕೊಡುತ್ತಿದ್ದ. ಈಗ ಅವಳು ಕೊಡುತ್ತಾಳೆ. ಕೊಟ್ಟು, ಕಿವಿಗಿಟ್ಟುಕೊಂಡು ಒಂದು ನಿಮಿಷ ಸುಮ್ಮನೆ ಕೂರುತ್ತಾಳೆ. ಗಂಡನಿಂದ ಅವಳಿಗೆ ಉಳಿದ ಸದ್ದು ಅದೊಂದೇ. ಈ ಮಹಾನುಭಾವನ ಲೆಕ್ಕಾಚಾರವೇ ಬೇರೆ: ಒಳಗಿನ ಅಪರೂಪದ ಮಷೀನು ತನಗೆ, ಖಾಲಿ ಕೇಸಿಗೆ ಸೆಲ್ಲಿನ ಮಷೀನು ತುಂಬಿ ಅತ್ತಿಗೆಗೆ. ಅಪರೂಪದ್ದಕ್ಕೆ ಪಳಗಿದ ಕೈ ಇರಲಿ ಎಂದೇ ಗಾಜಿನಮ್ಮನ ಬಳಿ ತಂದಿದ್ದ. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇವೆ. ಇವನು ಜಂತೆಯನ್ನೇ ಕಿತ್ತು ಹೊತ್ತುಕೊಂಡು ಹೋಗುವವನು.

ಗಾಜಿನಮ್ಮನ ಮಾತು ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಅದೇ ಮಧ್ಯಾಹ್ನ ಅವನು ತನ್ನ ಮೇಜಿನ ಮೇಲೆ ತಾನೇ ವಾಚು ಬಿಚ್ಚಿದ. ಕೋಣೆಯ ತುಂಬ ಬಿಡಿಭಾಗ ತೊಳೆಯುವ ಪೆಟ್ರೋಲಿನ ವಾಸನೆ, ಬೆವರು ಕುಡಿದ ಹಳೆಯ ಚರ್ಮದ ಪಟ್ಟಿಗಳ ವಾಸನೆ. ಮಷೀನನ್ನು ಚಿಮಟದಿಂದ ಎತ್ತಿದಾಗ ಎದೆಯಲ್ಲಿ ಸಣ್ಣಗೆ ಚಳುಕು ಹೊಡೆಯಿತು. ಲೆಕ್ಕಿಸಲಿಲ್ಲ. ಗಾಜಿನ ಬೆನ್ನಿದ್ದ ಹೊಸ ಕೇಸಿಗೆ ಕೂರಿಸಿ, ಕೈಗೆ ಕಟ್ಟುವ ಮೊದಲು ನೋಡಿದ. ಬೆಳಿಗ್ಗೆ ಅತ್ತಿಗೆ ಕೊಟ್ಟ ಕೀ ಇನ್ನೂ ಉಳಿದಿತ್ತು. ಒಳಗೆ ಪುಟ್ಟ ಚಕ್ರ ಅತ್ತಿತ್ತ ಓಲಾಡಿತು, ಕೂದಲಿಗಿಂತ ತೆಳುವಾದ ಸ್ಪ್ರಿಂಗು ಉಸಿರಾಡಿದಂತೆ ಹಿಗ್ಗಿ ಕುಗ್ಗಿತು. ಸೆಲ್ಲಿಲ್ಲ, ಕರೆಂಟಿಲ್ಲ, ಮನುಷ್ಯನ ಎರಡು ಬೆರಳಿನ ಬಲದಿಂದಲೇ ಬದುಕುವ ವಸ್ತು. ಚೆಂದ ಹೌದು. ಚೆಂದವೆಂದು ಕದಿಯಬಹುದೇ?

ಸಂಜೆ ಅತ್ತಿಗೆಗೆ ಸೆಲ್ಲಿನದನ್ನು ಕೊಟ್ಟ. ಅವಳು ಕಿವಿಗಿಟ್ಟುಕೊಂಡಳು. ಅವನ ಮುಖವನ್ನು ತುಸು ಹೊತ್ತು ನೋಡಿದಳು. ವಾಚು ಹಿಡಿದು ಒಳಗೆ ಹೋದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಅವನು ನಿಶ್ಚಿಂತೆಯಿಂದ ತನ್ನ ಮನೆಗೆ ಮರಳಿದ.

ಮರುದಿನ ಬೆಳಿಗ್ಗೆ ಕೀ ಕೊಡಲು ಹೋದರೆ ತಿರುಪು ಬೆರಳಿನಲ್ಲಿ ಸುಮ್ಮನೆ ತಿರುಗಿತು. ಹಿಡಿತವೇ ಇಲ್ಲ. ಹತ್ತು ಸುತ್ತು. ಐವತ್ತು ಸುತ್ತು. ಸ್ಪ್ರಿಂಗು ಬಿಗಿಯಲಿಲ್ಲ. ಹನ್ನೊಂದರ ಹೊತ್ತಿಗೆ ವಾಚಿನ ಸದ್ದು ಎಳೆಯತೊಡಗಿತು. ಅವನ ಕಾಲೂ ಎಳೆಯತೊಡಗಿತು. ಕುತ್ತಿಗೆಯ ನರದ ಮೇಲೆ ಬೆರಳಿಟ್ಟ. ಟಿಕ್ ಎಂದರೆ ಒಂದು ಬಡಿತ. ಟಿಕ್ ಎನ್ನದಿದ್ದರೆ ಬಡಿತವಿಲ್ಲ. ಕಿಟಕಿಯಲ್ಲಿ ಸುಡು ಬಿಸಿಲಿತ್ತು, ಅವನ ಕಣ್ಣಿಗೆ ಮಾತ್ರ ಕತ್ತಲೆ. ಮೂಗಿನಲ್ಲಿ ಹಸಿ ರಕ್ತದ ವಾಸನೆ. ವಾಚು ಕಿತ್ತೆಸೆದ. ಎಸೆದ ಕಡೆಯಿಂದಲೇ ಅವನ ಎದೆ ಬಡಿಯುತ್ತಿತ್ತು.

ಎತ್ತಿಕೊಂಡು ಓಡಿದ.

ಗಾಜಿನಮ್ಮ ತಲೆ ಎತ್ತಲಿಲ್ಲ. "ಅದರ ಮುಚ್ಚಳಕ್ಕೇ ವಾಪಸ್ ಸೇರಿಸಿ. ಆದ್ರೂ ವಾಚು ಯಾರದ್ದೋ ಅವರ ಕೈಗೇ ಕೀ ಹಿಡಿಯೋದು."

"ಮಾಟ ಬಿಡಿಸೋಕೆ ಆಗಲ್ವಾ?"

"ಬಿಡಿಸೋದು ಅಪ್ಪನಿಗೊಬ್ಬನಿಗೇ ಗೊತ್ತಿತ್ತು. ಬಿಡಿಸೋ ಮನಸ್ಸು ಅವನಿಗಿರಲಿಲ್ಲ."

ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅವನು ಹೊಸ್ತಿಲಲ್ಲೇ ಕುಸಿದು, ತೊದಲುತ್ತ ಎಲ್ಲ ಒಪ್ಪಿಕೊಂಡ. ಅವಳು ಎದ್ದು ಹಳೆಯ ಕೇಸನ್ನು ತಂದು ಅವನ ಮುಂದೆ ಇಟ್ಟಳು. ಸೆಲ್ಲಿನ ಮಷೀನನ್ನು ಆಗಲೇ ಕಿತ್ತು ಬಿಸಾಡಿದ್ದಳು. ಅವನು ಜೇಬಿನಿಂದ ಚಿಮಟ ತೆಗೆದ. ಅದು ಎರಡು ಸಲ ಜಾರಿತು. ಟಿಕ್. ತುಂಬ ಹೊತ್ತು ಏನಿಲ್ಲ. ಟಿಕ್. ಮಷೀನು ಕೂತಿತು. ಮುಚ್ಚಳ ಬಿತ್ತು. ಅವನು ವಾಚನ್ನು ಎರಡೂ ಕೈಯಲ್ಲಿ ಚಾಚಿದ.

"ಕೀ ಕೊಡಿ ಅತ್ತಿಗೆ. ನಿಲ್ತಾ ಇದೆ."

ಅವಳು ಅವಸರ ಮಾಡಲಿಲ್ಲ. "ಕಿವಿಗಿಟ್ಟ ಕೂಡಲೇ ಗೊತ್ತಾಯ್ತು ನನಗೆ. ನಿಮ್ಮಣ್ಣನ ವಾಚಿನ ಸದ್ದು ನನಗೆ ಗೊತ್ತಾಗಲ್ವಾ? ಆದ್ರೂ ರಾತ್ರಿಯೆಲ್ಲ ಕಾದೆ. ನೀನೇ ಬಂದು ಹೇಳ್ತೀಯ ಅಂತ. ನಿನ್ನ ಜೀವಕ್ಕೆ ಬಂದ ಮೇಲೆ ಬಂದೆ."

ಅವನು ವಾಚನ್ನು ಅವಳ ಕೈಯ ಹತ್ತಿರಕ್ಕೆ ಇನ್ನಷ್ಟು ಚಾಚಿದ.

ಅವಳು ಕೀ ತಿರುಗಿಸಿದಳು. ಒಂದು. ಎದೆಗೆ ಗುದ್ದಿದಂತೆ ರಕ್ತ ನುಗ್ಗಿತು. ಎರಡು. ಕಣ್ಣಿಗೆ ಬಾಗಿಲು ಕಂಡಿತು. ಮೂರು. ನಾಲ್ಕು. ಅಲ್ಲಿಗೆ ನಿಲ್ಲಿಸಿ ವಾಚನ್ನು ತನ್ನ ಕೈಗೆ ಕಟ್ಟಿಕೊಂಡಳು.

"ಅತ್ತಿಗೆ, ಇನ್ನೂ ಇಪ್ಪತ್ತೊಂದು ಸುತ್ತು..."

"ಎಣಿಸೋಕೆ ನನಗೂ ಬರತ್ತೆ." ಅವಳ ದನಿ ಏರಲಿಲ್ಲ. "ಇಷ್ಟಕ್ಕೆ ಸಂಜೆವರೆಗೆ ಓಡತ್ತೆ. ಸಂಜೆ ಬಾ. ಅಷ್ಟೊತ್ತಿಗೆ ನನ್ನ ಕೋಪ ಇಳಿದಿದ್ರೆ ನೋಡೋಣ."

ಹೊಲಿಗೆ ಯಂತ್ರ ಮತ್ತೆ ಶುರುವಾಯಿತು. ಅವಳು ಅವನನ್ನು ಪುಟ್ಟ ಎಂದು ಕರೆದಿರಲಿಲ್ಲ. ಅವನು ಹೊರಗಿನ ಮೆಟ್ಟಿಲ ಮೇಲೆ ಕೂತು, ಆ ಗದ್ದಲದಲ್ಲಿ ತನ್ನ ಎದೆಯ ಸದ್ದು ಎಲ್ಲಿದೆಯೆಂದು ಕಿವಿಗೊಟ್ಟು ಹುಡುಕತೊಡಗಿದ.